ಪೇಟದ ಕಲ್ಲು

ಒಳಗೇ ಬೀಳುತ್ತದೆಯೇ? ಹೊರಗೆ ಬಿದ್ದರೆ ಏನೂ ಆದಂತಾಗಲಿಲ್ಲ. ಒಂದಿಷ್ಟು ಹುಲ್ಲು ಜಜ್ಜಿಹೋಗುತ್ತದೆ. ಷಡ್ಡಕ ಪ್ಯಾಂಟಿನ ಧೂಳು ಕೊಡವಿಕೊಂಡು ನಾಲ್ಕು ಜನರೆದುರು ಒಂದು ತಮಾಷೆ ಮಾಡುತ್ತಾನೆ. ಮರುದಿನದಿಂದ ಕೆಲಸ ಎಂದಿನಂತೆ. ಒಳಗೇ ಬೀಳಬೇಕು. ಆದರೆ ಬಿದ್ದೇ ಬೀಳುತ್ತದೆಂದು ಹೇಳುವವರು ಯಾರು?

ಶಿಲ್ಪಿ ಊಟದ ಮೇಜಿನ ಮೇಲೆ ಎರಡು ಬೆಂಕಿಪೊಟ್ಟಣಗಳನ್ನು ನಿಲ್ಲಿಸಿ, ಅವುಗಳ ಮೇಲೆ ಬಚ್ಚಲಿನ ಹೊಸ ಸೋಪನ್ನು ಅಡ್ಡಲಾಗಿ ಇಟ್ಟಿದ್ದ. ಸೋಪಿನ ಒಂದು ತುದಿ ಪೊಟ್ಟಣವನ್ನು ದಾಟಿ ಗಾಳಿಯಲ್ಲಿ ಚಾಚಿಕೊಂಡಿತ್ತು. ಅದರ ಕೆಳಗೆ ಒಂದು ಮೋಟು ಪೆನ್ಸಿಲ್ ಆನಿಸಿದ್ದ. ಪೆನ್ಸಿಲ್ ಎಳೆದ. ಸೋಪು ಅಲುಗಾಡದೆ ಕೂತಿತ್ತು. ಹೆಬ್ಬೆರಳಿನ ಉಗುರಿನಿಂದ ಅದರ ಅಡಿಭಾಗವನ್ನು ತನ್ನ ಕಡೆಗೆ ಇಳಿಜಾರಾಗುವಂತೆ ಕೆರೆದು ಮತ್ತೆ ಇಟ್ಟ. ಪೆನ್ಸಿಲ್ ಎಳೆದ. ಸೋಪು ಒಂದು ಕ್ಷಣ ಯೋಚಿಸುವಂತೆ ತಡೆದು, ಮಗ್ಗುಲಾಗಿ ಅವನ ಮಡಿಲಿಗೆ ಬಿತ್ತು. ಇನ್ನೊಮ್ಮೆ ಮಾಡಿದ. ಮಡಿಲಿಗೇ ಬಿತ್ತು.

"ಸೋಪನ್ನ ಯಾಕ್ರೀ ಕೆರೀತಿದ್ದೀರಾ?" ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಇವತ್ತು ಬಿಚ್ಚಿದ್ದು ಅದು. ಇಡೀ ದಿನ ಕಲ್ಲು ಕೆತ್ತಿದ್ದು ಸಾಲದೂಂತ ಮನೆಗೆ ಬಂದು ಸೋಪು ಕೆತ್ತೋದಾ?"

"ಏನಿಲ್ಲ" ಅಂದ.

ಮನೆಯಲ್ಲಿ ಅವನು ಅತಿ ಹೆಚ್ಚು ಬಳಸುತ್ತಿದ್ದ ಮಾತು ಅದೇ. ಹೆಂಡತಿ ಸೋಪನ್ನು ಎತ್ತಿಕೊಂಡು, ಅದರ ಗಾಯ ನೋಡಿ, ನಿಟ್ಟುಸಿರಿಟ್ಟು ಒಳಗೆ ಹೋದಳು. ಮೇಲಿನ ಮಹಡಿಯಿಂದ ಷಡ್ಡಕನ ನಗು ಮೆಟ್ಟಿಲಿಳಿದು ಬಂತು. ಅಕ್ಕತಂಗಿಯರು ಒಂದೇ ಮನೆಯಲ್ಲಿರಬೇಕೆಂಬುದು ಮಾವನ ಆಸೆಯಾಗಿತ್ತು. ಅಕ್ಕನ ಗಂಡ ಕೆಳಗೆ, ತಂಗಿಯ ಗಂಡ ಮೇಲೆ. ಹಾಗೆ ಹಂಚಿದ್ದೂ ಮಾವನೇ.

ಮಾವ ಹೆಸರುವಾಸಿ ಶಿಲ್ಪಿ. ಸಾಯುವ ಮುಂಚೆ ಇಬ್ಬರು ಅಳಿಯಂದಿರನ್ನೂ ಮಂಚದ ಪಕ್ಕ ಕೂರಿಸಿಕೊಂಡು, "ಕಲ್ಲಿನ ಹತ್ತಿರ ಮಾತಾಡೋಕೆ ದೊಡ್ಡಳಿಯ ಇದ್ದಾನೆ. ಜನರ ಹತ್ತಿರ ಮಾತಾಡೋಕೆ ಚಿಕ್ಕವನು ಇರಲಿ" ಎಂದು ಕೆತ್ತನೆಯ ಕಾರ್ಖಾನೆಯ ಯಜಮಾನಿಕೆಯನ್ನು ಚಿಕ್ಕವನಿಗೆ ಒಪ್ಪಿಸಿದ್ದ. ಕೇಳಿದವರೆಲ್ಲ, ಇಬ್ಬರಿಗೂ ಒಪ್ಪುವ ಹಾಗೆ ಮಾಡಿದ ಮುದುಕ ಅಂದರು. ಶಿಲ್ಪಿಗೆ ಮಾತ್ರ ಕೇಳಿಸಿದ್ದು ಬೀಗದಕೈ ಗೊಂಚಲು ಇನ್ನೊಬ್ಬನ ಅಂಗೈಗೆ ಬಿದ್ದ ಸದ್ದು. ಆ ಸದ್ದು ಅವನ ಕಿವಿ ಬಿಟ್ಟು ಹೋಗಿರಲಿಲ್ಲ.

ಕೆಲಸಗಾರರ ಬಾಯಲ್ಲಿ ಚಿಕ್ಕವನು ಪಾಲಿಶ್, ದೊಡ್ಡವನು ಮೂಕಣ್ಣ. ಬೂಟಿನಿಂದ ಹಿಡಿದು ಮಾತಿನವರೆಗೆ ಎಲ್ಲವನ್ನೂ ಉಜ್ಜಿ ಹೊಳೆಯಿಸುವವನಿಗೆ ಪಾಲಿಶ್ ಎಂಬ ಹೆಸರು ತಾನಾಗಿ ಅಂಟಿತ್ತು. ಅದು ಕಿವಿಗೆ ಬಿದ್ದಾಗ ಅವನು ತಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಮೂಕಣ್ಣ ನಗುತ್ತಿರಲಿಲ್ಲ. ತನ್ನ ಅಡ್ಡಹೆಸರನ್ನು ಕೇಳಿಯೂ ಕೇಳದಂತೆ ಇರುತ್ತಿದ್ದ. ಒಳಗೆ ಅದು ಕಣ್ಣಿಗೆ ಬಿದ್ದ ಕಲ್ಲಿನ ಹುಡಿಯ ಹಾಗೆ ಒತ್ತುತ್ತಿತ್ತು.

ಕಾರ್ಖಾನೆಗೆ ಸಿಕ್ಕ ಕೆಲಸಗಳಲ್ಲೆಲ್ಲ ದೊಡ್ಡದು ಈ ಸ್ತೂಪದ ದುರಸ್ತಿ. ಊರಿನಾಚೆ, ಬಸ್ಸುಗಳು ತಿರುಗಿಕೊಳ್ಳುವ ಬಯಲಿನ ಕೊನೆಗೆ, ಮಗುಚಿಟ್ಟ ಬೋಗುಣಿಯಂಥ ಗುಮ್ಮಟ. ಒಳಗೆ ಕೋಣೆಯಿಲ್ಲ, ಬಾಗಿಲಿಲ್ಲ. ಹೊಟ್ಟೆಯಲ್ಲೆಲ್ಲೋ ಒಂದು ಚಿಟಿಕೆ ಬೂದಿಯನ್ನಿಟ್ಟುಕೊಂಡು ಎರಡು ಸಾವಿರ ವರ್ಷ ಬಾಯಿ ಮುಚ್ಚಿಕೊಂಡು ಕೂತ ಇಟ್ಟಿಗೆಯ ಗುಡ್ಡ. ಅದರ ಸುತ್ತ ಪ್ರದಕ್ಷಿಣೆಗೆ ಹಾಸುಗಲ್ಲಿನ ದಾರಿ. ದಾರಿಯ ಹೊರ ಅಂಚಿಗೆ ಒಂದೂವರೆ ಆಳೆತ್ತರದ ಕಲ್ಲಿನ ಬೇಲಿ. ಬಡಗಿಯ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದರು ಆ ಜನ: ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿಗಳನ್ನು ತೂರಿಸಿ, ಪ್ರತಿ ಕಂಬದ ತಲೆಯ ಮೇಲೊಂದು ಕಲ್ಲಿನ ಗೂಟ ಉಳಿಸಿ, ಆ ಗೂಟಗಳು ಕೂರುವಂತೆ ಅಡಿಯಲ್ಲಿ ಗುಳಿ ತೋಡಿದ ಉದ್ದುದ್ದ ಕಲ್ಲುಗಳನ್ನು ಮೇಲೆ ಸಾಲಾಗಿ ಹೊದಿಸಿದ್ದರು. ಪುಸ್ತಕಗಳಲ್ಲಿ ಆ ಮೇಲಿನ ಕಲ್ಲಿಗೆ ಉಷ್ಣೀಷ ಎಂದು ಹೆಸರು. ಪೇಟ ಎಂದು ಅರ್ಥ. ಕೆಲಸಗಾರರು ಪೇಟದ ಕಲ್ಲು ಅನ್ನುತ್ತಿದ್ದರು.

ಆ ಕಾಲದ ಶಿಲ್ಪಿಗಳು ಇಲ್ಲಿ ಬುದ್ಧನನ್ನು ಕೆತ್ತಿರಲಿಲ್ಲ. ಒಂದು ಮರ ಕೆತ್ತಿ, ಅದರ ಬುಡದಲ್ಲಿ ಖಾಲಿ ಪೀಠ ಬಿಟ್ಟು, ಸುತ್ತ ಕೈಮುಗಿದ ಜನರನ್ನು ತುಂಬಿದ್ದರು. ಎಲ್ಲರ ಕಣ್ಣೂ ಯಾರೂ ಇಲ್ಲದ ಆ ಜಾಗದ ಮೇಲೆ. ಶಿಲ್ಪಿಗೆ ಆ ಖಾಲಿ ಪೀಠವೆಂದರೆ ಪ್ರಾಣ. ಮುಖ್ಯವಾದದ್ದನ್ನು ಹೇಳದೆ ಬಿಡುವುದೇ ದೊಡ್ಡತನ ಎಂಬುದನ್ನು ತಾನು ಅಲ್ಲಿಂದ ಕಲಿತೆನೆಂದು ಅವನು ನಂಬಿದ್ದ.

ಅಂಥ ಒಂದು ಫಲಕವನ್ನೇ ಷಡ್ಡಕ ಆಸಿಡ್ಡಿನಲ್ಲಿ ತೊಳೆಸಿದ.

ಅದಕ್ಕೆ ಮುಂಚೆ, ಎಲ್ಲ ಕೆಲಸಗಾರರೂ ಚಹಾ ಕುಡಿಯುತ್ತ ನಿಂತಿದ್ದಾಗ, ಅವನು ಶಿಲ್ಪಿಯ ಹತ್ತಿರ ಬಂದಿದ್ದ. "ಅಣ್ಣಾ, ಏನಂತೀರಿ? ಒಂದು ಸಲ ತೊಳೆದ್ರೆ ಹಾಲಿನ ಹಾಗೆ ಆಗುತ್ತೆ ಅಂತಾನೆ ಅಂಗಡಿಯವನು. ಬೇಡ ಅಂದ್ರೆ ಬೇಡ. ಹೇಳಿ."

ಆ 'ಹೇಳಿ'ಯಲ್ಲಿ ಶಿಲ್ಪಿಗೆ ಕೇಳಿಸಿದ್ದು ಅಣಕ. ಸುಣ್ಣದಕಲ್ಲಿಗೆ ಆಸಿಡ್ಡು ಬಿದ್ದರೆ ಏನಾಗುತ್ತದೆಂದು ಮಾವನ ಅಳಿಯನಾದವನಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಕೇಳುತ್ತಿದ್ದಾನೆ. ನಾಲ್ಕು ಜನರ ಮುಂದೆ ನಾನು ಗೋಗರೆಯಬೇಕು, ಇವನು ದೊಡ್ಡ ಮನಸ್ಸು ಮಾಡಬೇಕು. ಶಿಲ್ಪಿ ಕೈಯಲ್ಲಿದ್ದ ಉಳಿಯ ಮೊನೆಯನ್ನೇ ನೋಡುತ್ತ ನಿಂತ.

"ಸುಮ್ಮನಿದ್ರೆ ಒಪ್ಪಿಗೆ ಅಂದ್ಕೊಳ್ತೀನಿ. ಆಮೇಲೆ ಅಕ್ಕನ ಹತ್ತಿರ ನನ್ನ ಮೇಲೆ ಚಾಡಿ ಹೇಳಬಾರದು ಮತ್ತೆ!" ಎಂದು ಷಡ್ಡಕ ನಕ್ಕ. ಕೆಲಸಗಾರರೂ ನಕ್ಕರು. ಬಾಯಿಬಡುಕ ಮೇಸ್ತ್ರಿ, "ಬಿಟ್ರೆ ನಮ್ಮ ಯಜಮಾನ್ರು ಗುಮ್ಮಟಕ್ಕೂ ಟೈಲ್ಸ್ ಹಾಕಿಸ್ತಾರೆ" ಅಂದ.

ಕಲ್ಲಿನ ಮೇಲೆ ಬುರುಬುರು ನೊರೆ ಎದ್ದಿತು. ತೊಳೆದಾಗ ಬಿಳಿಯೇನೋ ಆಗಿತ್ತು. ಕೈಮುಗಿದವರ ಬೆರಳುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಮೂಗು, ತುಟಿ, ಕಣ್ಣು ಕರಗಿ ಮುಖಗಳು ಮೊಟ್ಟೆಗಳಾಗಿದ್ದವು. ಪೀಠ ಎಲ್ಲಿ ಮುಗಿಯುತ್ತದೆ, ಅದರ ಮೇಲಿನ ಖಾಲಿ ಜಾಗ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಷಡ್ಡಕನೂ ಹತ್ತಿರ ಬಂದು ಒಂದು ಮುಖದ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ದೂರದಿಂದ ಚೆನ್ನಾಗಿದೆ" ಅಂದ.

ಆ ಒಂದು ಮಾತಿಗೆ ಶಿಲ್ಪಿ ಅವನನ್ನು ಅಲ್ಲೇ ಕೊಂದುಬಿಟ್ಟ. ಇನ್ನು ಉಳಿದದ್ದು ಬರೀ ಕೆಲಸ.

ಕೆಲಸವೆಂದರೆ ಅವನಿಗೆ ಅವಸರವಿರಲಿಲ್ಲ, ಭಯವೂ ಇರಲಿಲ್ಲ. ಒಂದು ಬಂಡೆಯನ್ನು ನೋಡಿ ಅದರೊಳಗೆ ಏನಿದೆಯೆಂದು ತಿಳಿದುಕೊಳ್ಳುವುದು ಹೇಗೋ ಹಾಗೆ ಅವನು ತನ್ನ ಷಡ್ಡಕನನ್ನು ತಿರುಗಿಸಿ ತಿರುಗಿಸಿ ನೋಡಿದ. ಈ ಬಂಡೆಯ ಸೀಳು ಎಲ್ಲಿದೆ? ಇಬ್ಬರೂ ಹೊಸ ಅಳಿಯಂದಿರಾಗಿದ್ದಾಗಿನ ಒಂದು ಸಂಗತಿ ನೆನಪಾಯಿತು. ಮನೆಯ ಗೇಟಿಗೆ ನೀಲಿ ಬಣ್ಣ ಬೇಡ ಎಂದು ಶಿಲ್ಪಿ ಹೇಳಿದ್ದ. ಸಂಜೆ ಬಂದು ನೋಡಿದರೆ ಗೇಟು ನೀಲಿ. ಇವನಿಗೆ ನಾನು ಏನು ಬೇಡ ಅನ್ನುತ್ತೇನೋ ಅದನ್ನೇ ಮಾಡುವ ಚಟ. ಅಷ್ಟೇ ಸಾಕು. ಗೇಟಿನ ಬಣ್ಣ ತಂಗಿಯ ಆಯ್ಕೆಯಾಗಿರಬಹುದು ಎಂಬ ಯೋಚನೆ ಬಂದಿತ್ತು. ಬಂದ ಹಾಗೇ ಅದನ್ನು ಆಚೆ ಕಳಿಸಿದ್ದ.

ಪೂರ್ವದ ಬಾಗಿಲಿನ ಪಕ್ಕ ಬೇಲಿಯ ಒಂದು ಕಂಬ ಬಿರುಕು ಬಿಟ್ಟಿತ್ತು. ಅದನ್ನು ಕಳಚಿ ಷೆಡ್ಡಿಗೆ ಒಯ್ದಿದ್ದರು. ಅದರ ಮೇಲಿದ್ದ ಪೇಟದ ಕಲ್ಲು ಈಗ ಉಳಿದ ಎರಡು ಕಂಬಗಳ ಮೇಲೆ ಕೂತಿತ್ತು. ಖಾಲಿ ತುದಿಯ ಕೆಳಗೆ ಒಂದು ಮರದ ಆನಿಕೆ. ಆ ಸಾಲಿನಲ್ಲೇ ಚೆಂದದ ಕಲ್ಲು ಅದು. ಒಂದು ತುದಿಯಲ್ಲಿ ಕುಳ್ಳನೊಬ್ಬನ ಬಾಯಿಂದ ಹೊರಟ ಬಳ್ಳಿ ಅಲೆ ಅಲೆಯಾಗಿ ಇನ್ನೊಂದು ತುದಿಯವರೆಗೆ ಓಡಿತ್ತು. ತಿರುವು ತಿರುವಿನಲ್ಲೂ ಒಂದೊಂದು ತಾವರೆ, ಒಂದೊಂದು ಹಕ್ಕಿ. ಎರಡು ಕಂಬಗಳ ಗೂಟಗಳೇ ಕಲ್ಲನ್ನು ಹಿಡಿದಿದ್ದವು, ಆನಿಕೆ ಬರೀ ಮುಂಜಾಗ್ರತೆಗೆ. ಇದು ಎಲ್ಲರಿಗೂ ಗೊತ್ತು. ಷಡ್ಡಕನಿಗೆ ಆ ಆನಿಕೆಯನ್ನು ಕಂಡರಾಗದು. "ಊರುಗೋಲು ಹಿಡಿದ ಮುದುಕನ ಹಾಗೆ ಕಾಣುತ್ತೆ ನಮ್ಮ ಸ್ತೂಪ" ಅನ್ನುತ್ತಿದ್ದ. ಬರುವ ವಾರ ದೊಡ್ಡ ಅಧಿಕಾರಿಗಳ ತಂಡ ಕೆಲಸ ನೋಡಲು ಬರುವುದಿತ್ತು. ಫೋಟೋ ತೆಗೆಯುವುದು ಪೂರ್ವದ ಬಾಗಿಲಿನಲ್ಲೇ. ಅವರು ಹೋದ ಮೇಲೆ ಪೇಟದ ಕಲ್ಲುಗಳಿಗೂ ಆಸಿಡ್ಡು ಎಂದು ಡಬ್ಬಗಳು ಆಗಲೇ ಬಂದು ಷೆಡ್ಡಿನ ಮೂಲೆಯಲ್ಲಿ ಕೂತಿದ್ದವು.

ಯೋಜನೆ ಅಲ್ಲಿಂದ ತಾನಾಗಿ ಬೆಳೆಯಿತು. ಗೂಟಗಳ ಕತ್ತು ಕೊಯ್ಯಬೇಕು, ಪೂರ್ತಿ ಅಲ್ಲ. ನಡುವೆ ಸ್ವಲ್ಪ ಉಳಿಸಬೇಕು. ಅದು ತಾನಾಗಿ ಮುರಿದಾಗ ಹಳೆಯ ಕಲ್ಲು ಮುರಿದ ಹಾಗೇ ಕಾಣುತ್ತದೆ. ಕಂಬದ ತಲೆಯ ಒಳ ಅಂಚನ್ನು ಇಳಿಜಾರು ಮಾಡಬೇಕು. ಆಗ ಕಲ್ಲಿನ ಭಾರವೆಲ್ಲ, ಯಾರಿಗೂ ತಿಳಿಯದಂತೆ, ಆ ಮುಂಜಾಗ್ರತೆಯ ಆನಿಕೆಯ ಮೇಲೆ ಬರುತ್ತದೆ. ಆನಿಕೆ ಕದಲಿದ ಗಳಿಗೆಯಲ್ಲಿ ಕಲ್ಲು ಒಳಗೆ, ಹಾಸುಗಲ್ಲಿನ ದಾರಿಯ ಕಡೆಗೆ ಹೊರಳುತ್ತದೆ. ಹೊರಗೆ ಬೀಳುತ್ತದೆಂದು ತಾನು ಮುಂಚೆಯೇ ಎಲ್ಲರೆದುರು ಹೇಳಿರಬೇಕು, ಹೊರಗಡೆ ಹಗ್ಗ ಕಟ್ಟಿಸಿರಬೇಕು. ಆಗ ಆನಿಕೆ ತೆಗೆಯುವವನು ಒಳಗಡೆಯೇ ನಿಲ್ಲುತ್ತಾನೆ. ಹೇಳಿದ್ದನ್ನು ಕೇಳಲಿಲ್ಲ, ಸತ್ತ. ಕಲ್ಲು ಹೊರಗೆ ಬೀಳುತ್ತದೆಂದು ನಂಬಿದ್ದವನು ಒಳಗೆ ಬೀಳಿಸಿದ ಎಂದು ಯಾರು ತಾನೇ ಹೇಳಿಯಾರು?

ಕೆಲಸವನ್ನು ಅವನು ಹಾಡಹಗಲೇ ಮಾಡಿದ. ಬೆಸುಗೆಗಳ ಸಂದಿಯ ಮಣ್ಣು ತೆಗೆಯುವುದು ಅವನ ಪಾಲಿನ ಕೆಲಸವೇ. ಏಣಿ ಹತ್ತಿ, ಸಂದಿಯಲ್ಲಿ ಉಕ್ಕಿನ ತಂತಿ ತೂರಿಸಿ, ನೀರು ಚಿಮುಕಿಸಿ ಅತ್ತಿತ್ತ ಎಳೆದ. ಮೆತ್ತನೆಯ ಸುಣ್ಣದಕಲ್ಲು, ತಂತಿಗೆ ಒಲ್ಲೆ ಅನ್ನಲಿಲ್ಲ. ಕೆಳಗೆ ನಿಂತ ಮೇಸ್ತ್ರಿ, "ಮೂಕಣ್ಣ ಕಲ್ಲಿಗೆ ಹಲ್ಲುಜ್ಜಿಸ್ತಿದ್ದಾರೆ ನೋಡ್ರೋ" ಎಂದು ಕೂಗಿ ಎಲ್ಲರನ್ನೂ ನಗಿಸಿದ. ಶಿಲ್ಪಿಗೂ ನಗು ಬಂತು, ತೋರಿಸಲಿಲ್ಲ. ಕೊಯ್ದ ಅಂಚುಗಳನ್ನು ಒದ್ದೆ ಕಲ್ಲಿನಿಂದ ಉಜ್ಜಿ ಮೊಂಡು ಮಾಡಿ, ಸಂದಿಯ ಹಳೆ ಮಣ್ಣನ್ನೇ ಕಲಸಿ ಬಳಿದ. ಇಷ್ಟು ನಾಜೂಕಾಗಿ ಅವನು ಮಾವನ ಮುಂದೆಯೂ ಕೆಲಸ ಮಾಡಿರಲಿಲ್ಲ. ಯಾರೂ ನೋಡದ ಜಾಗದಲ್ಲಿ, ಯಾರೂ ಹೊಗಳದ ಕೆಲಸ. ಮಾವ ಇದ್ದಿದ್ದರೆ, ಕೈ ಪಳಗಿದೆ ಅನ್ನುತ್ತಿದ್ದ.

ತಂಡ ಬರುವ ಹಿಂದಿನ ಸಂಜೆ ಕೆಲಸಗಾರರು ಕೈಕಾಲು ತೊಳೆಯುತ್ತಿದ್ದರು. ಷಡ್ಡಕ ಫೋನಿನಲ್ಲಿ ಫೋಟೋದವನಿಗೆ ಏನೋ ಹೇಳುತ್ತ ಪೂರ್ವದ ಬಾಗಿಲಿನಲ್ಲಿ ಅಡ್ಡಾಡುತ್ತಿದ್ದ. ಶಿಲ್ಪಿ ಗಂಟಲು ಸರಿಮಾಡಿಕೊಂಡ.

"ಆ ಆನಿಕೆ ತೆಗೀಬೇಡ" ಅಂದ.

ನಲ್ಲಿಯ ಸದ್ದು ನಿಂತಿತು. ಷಡ್ಡಕ ಫೋನನ್ನು ಕಿವಿಯಿಂದ ಇಳಿಸಿದ. "ಏನಂದ್ರಿ ಅಣ್ಣಾ?"

"ಆನಿಕೆ ತೆಗೆದ್ರೆ ಕಲ್ಲು ನಿಲ್ಲೋದು ಅನುಮಾನ. ಬಿದ್ರೆ ಹೊರಗಡೆ ಬೀಳುತ್ತೆ. ಆ ಕಡೆ ಹಗ್ಗ ಕಟ್ಟಿಸಿದ್ದೀನಿ. ಯಾರೂ ಹೊರಗಡೆಯಿಂದ ಹತ್ತಿರ ಹೋಗಬೇಡಿ. ಒಳಗಡೆ ಏನೂ ಭಯವಿಲ್ಲ."

ಫಲಕ ಹಾಳಾದಂದಿನಿಂದ ಅವನು ಷಡ್ಡಕನ ಜೊತೆ ಆಡಿದ ಮೊದಲ ಮಾತು ಅದು.

"ಅಬ್ಬಾ! ಮೇಸ್ತ್ರೀ, ಇವತ್ತಿನ ತಾರೀಖು ಗೋಡೆ ಮೇಲೆ ಕೆತ್ತಿಬಿಡಿ. ಮೂಕಣ್ಣ ಬಾಯಿಬಿಟ್ಟರು!" ಎಂದ ಷಡ್ಡಕ. ಎಲ್ಲರೂ ಗೊಳ್ಳೆಂದರು. ನಗು ಮುಗಿದು ಕೆಲಸಗಾರರು ಚೀಲ ಹೆಗಲಿಗೇರಿಸಿದ ಮೇಲೂ ಅವನು ಶಿಲ್ಪಿಯನ್ನೇ ನೋಡುತ್ತಿದ್ದ, ಇನ್ನೂ ಒಂದು ಮಾತು ಬರಬಹುದೇನೋ ಎಂದು ಕಾಯುವವನ ಹಾಗೆ. ಶಿಲ್ಪಿ ಅದನ್ನು ಸೊಕ್ಕು ಎಂದುಕೊಂಡು ಮುಖ ತಿರುಗಿಸಿದ. ಬೇಡ ಅಂದಾಯಿತು. ಇನ್ನು ಇವನು ತೆಗೆಯದೇ ಇರಲಾರ.

ಮರುದಿನ ಬೆಳಿಗ್ಗೆ, ಎಂದಿನಂತೆ ಎಲ್ಲರಿಗಿಂತ ಮುಂಚೆ ಅವನು ಸ್ತೂಪಕ್ಕೆ ಬಂದ. ಎಳೆ ಬಿಸಿಲು ಗುಮ್ಮಟದ ಒಂದು ಕೆನ್ನೆಗೆ ಬಿದ್ದಿತ್ತು. ಏಣಿ ಹತ್ತಿ ಗೂಟಗಳ ಸಂದಿಯನ್ನು ಕೊನೆಯ ಸಲ ನೋಡಿದ. ಕಂಬದ ಒಳ ಅಂಚಿಗೆ ಬೆರಳಾಡಿಸಿದ. ಇಳಿದು ಬಂದು ಏಣಿಯನ್ನು ಅದರ ಜಾಗಕ್ಕೆ ಇಟ್ಟ. ಆಮೇಲೆ ಬಹಳ ಹೊತ್ತು ಅವನು ಅಲ್ಲೇ ಇದ್ದ. ಕೈಗಳು ಬೆಳಗಿನ ಕೆಲಸಗಳನ್ನು ತಮ್ಮಷ್ಟಕ್ಕೆ ತಾವು ಮಾಡಿಕೊಳ್ಳುತ್ತಿದ್ದವು. ಮನಸ್ಸು ಮಾತ್ರ, ನಾಳೆಯೋ ನಾಡಿದ್ದೋ ಯಾರಾದರೂ ಕೇಳಿದರೆ ಹೇಳಬೇಕಾದದ್ದನ್ನು ಶಬ್ದ ಶಬ್ದವಾಗಿ ಕೆತ್ತುತ್ತಿತ್ತು. 'ನನ್ನ ಲೆಕ್ಕದಲ್ಲಿ ಅದು ಹೊರಗೇ ಬೀಳಬೇಕಿತ್ತು.' ಬೇಡ, 'ಲೆಕ್ಕ' ಬೇಡ. ಲೆಕ್ಕ ಹಾಕಿದವನ ಹಾಗೆ ಕೇಳಿಸುತ್ತದೆ. 'ಹೊರಗೇ ಬೀಳುತ್ತೆ ಅಂತ ನಂಬಿದ್ದೆ.' ಅದು ಸರಿ. ಎಷ್ಟು ಬೇಕೋ ಅಷ್ಟೇ. ಕೆಲಸಗಾರರು ಬರುವ ಹೊತ್ತಿಗೆ ಅವನು ಷೆಡ್ಡಿನಲ್ಲಿ ಕೂತು, ಕಳಚಿ ತಂದ ಕಂಬದ ಬಿರುಕಿಗೆ ಉಳಿ ಹಿಡಿದು, ಎಲ್ಲರ ಕಿವಿಗೂ ಬೀಳುವಂತೆ ಟಕಟಕ ಸುತ್ತಿಗೆ ಆಡಿಸುತ್ತಿದ್ದ.

ಷಡ್ಡಕನ ಕಾರು ಬಂದ ಸದ್ದು ಕೇಳಿತು. ಬೂಟಿನ ಸದ್ದು ಪೂರ್ವದ ಕಡೆ ಹೋಯಿತು. ಮೇಸ್ತ್ರಿಯ ಜೊತೆ ಏನೋ ಮಾತು, ಒಂದು ನಗು. ಶಿಲ್ಪಿ ಸುತ್ತಿಗೆಯ ತಾಳ ತಪ್ಪಿಸಲಿಲ್ಲ. ಆಮೇಲೆ ಮರಕ್ಕೆ ಪೆಟ್ಟು ಬೀಳುವ ಸದ್ದು. ಒಂದು, ಇನ್ನೊಂದು. ತೆಗೆಯುತ್ತಿದ್ದಾನೆ, ಎಂದುಕೊಂಡ. ಎದೆಯಲ್ಲಿ ಕಹಿಯಾದ ಒಂದು ತೃಪ್ತಿ ಎದ್ದಿತು. ಜನ ತಾವು ಏನೋ ಅದೇ ಆಗಿರುತ್ತಾರೆ. ಅವರನ್ನು ಓದಲು ಮಾತೇ ಬೇಕಿಲ್ಲ. ಆಮೇಲೆ ನೆಲ ಒಮ್ಮೆ ಧಿಮ್ಮೆಂದಿತು. ಅವನು ಎಣಿಸಿದ್ದಕ್ಕಿಂತ ಮೆತ್ತಗಿನ ಸದ್ದು. ಹಕ್ಕಿಗಳೆಲ್ಲ ಎದ್ದು ಗುಮ್ಮಟದ ಮೇಲೆ ಒಂದು ಸುತ್ತು ಹಾಕಿದವು. ಮೇಸ್ತ್ರಿ ಕಿರುಚಿಕೊಳ್ಳತೊಡಗಿದ.

ಎಲ್ಲರ ಜೊತೆ ಅವನೂ ಓಡಿದ. ಎಲ್ಲರೂ ಮನುಷ್ಯನನ್ನು ನೋಡಿದರು. ಅವನು ಮೊದಲು ಕಲ್ಲನ್ನು ನೋಡಿದ. ಬಳ್ಳಿ ಮುಕ್ಕಾಗಿರಲಿಲ್ಲ, ತಾವರೆಗಳು ಮುಕ್ಕಾಗಿರಲಿಲ್ಲ. ಒಂದು ಹಕ್ಕಿಯ ಮೇಲೆ ಕೆಂಪು ಹರಡುತ್ತಿತ್ತು. ಕಾಗದದ ತಿರುಳನ್ನು ಒದ್ದೆ ಮಾಡಿ ಮೆತ್ತಿ ಒಣಗಲು ಬಿಟ್ಟರೆ ಕಲೆಯನ್ನು ಅದೇ ಎಳೆದುಕೊಳ್ಳುತ್ತದೆ, ಎಂದು ಅವನಿಗೆ ಹೊಳೆಯಿತು. ಆಮೇಲಷ್ಟೇ ಅವನು ಕಲ್ಲಿನ ಅಡಿಯಲ್ಲಿದ್ದ ಷಡ್ಡಕನ ಬೂಟುಗಳನ್ನು ನೋಡಿದ. ಹೊಳೆಯುತ್ತಿದ್ದವು.

ಅವನ ಕಣ್ಣಿಗೆ ಅರ್ಥವಾಗದ ಒಂದು ಸಂಗತಿ ಅಲ್ಲಿತ್ತು. ಮರದ ಆನಿಕೆ ಬಿದ್ದಿತ್ತು. ಅದರ ಪಕ್ಕದಲ್ಲಿ ಹೊಸದಾಗಿ ಕತ್ತರಿಸಿದ ಇನ್ನೊಂದು ಆನಿಕೆಯೂ ಬಿದ್ದಿತ್ತು.

"ತೆಗೀಲಿಲ್ಲ ಅಣ್ಣಾ, ತೆಗೀಲಿಲ್ಲ" ಮೇಸ್ತ್ರಿ ತಲೆ ಹಿಡಿದುಕೊಂಡು ಕೂತಿದ್ದ. "ಫೋಟೋ ಹಾಳಾದ್ರೆ ಹಾಳಾಗಲಿ, ಅಣ್ಣ ಬಾಯಿಬಿಟ್ಟು ಹೇಳಿದ್ದಾರೆ ಅಂದ್ರೆ ವಿಷಯ ಇರುತ್ತೆ, ಇನ್ನೊಂದು ಆನಿಕೆ ಕೊಡೋಣ ಅಂದ್ರು. ಮರ ತಂದ್ವಿ. ಅದರ ಅಡಿಗೆ ಬೆಣೆ ಹೊಡೀತಿದ್ರು. ಕಲ್ಲಿನ ತುದಿ ಒಂದಿಷ್ಟು ಮೇಲೆ ಎದ್ದಿತು, ಹಳೆ ಆನಿಕೆ ಸಡಿಲ ಆಯ್ತು. ನಾನು ದೊಡ್ಡ ಸುತ್ತಿಗೆ ತರೋಣಾಂತ ಈ ಕಡೆ ತಿರುಗಿದೆ, ಅಷ್ಟೇ."

ಶಿಲ್ಪಿ ಎರಡು ಆನಿಕೆಗಳನ್ನೂ ನೋಡಿದ. ಬಂಡೆಯ ಸೀಳು ತಾನು ಅಂದುಕೊಂಡ ಕಡೆ ಇರಲಿಲ್ಲ. ಆದರೂ ಕಲ್ಲು ಅಂದುಕೊಂಡ ಕಡೆಯೇ ಬಿದ್ದಿತ್ತು. ಇದು ಒಳ್ಳೆಯದೇ ಆಯಿತು, ಎಂದು ಅವನ ಮನಸ್ಸಿನ ಒಂದು ಮೂಲೆ ತಣ್ಣಗೆ ಹೇಳಿತು. ಹೇಳಿದ್ದನ್ನು ಕೇಳಿಯೇ ಸತ್ತಿದ್ದಾನೆ. ಇನ್ನು ನನ್ನ ಕಡೆ ಬೆರಳು ತೋರಿಸುವವರು ಯಾರು?

ನಾದಿನಿಯನ್ನು ಹೆಂಡತಿ ಹಿಡಿದುಕೊಂಡು ಕರೆತಂದಳು. ಅವಳು ಶಿಲ್ಪಿಯ ಎರಡೂ ಕೈ ಹಿಡಿದು, "ಭಾವ, ಬೆಳಿಗ್ಗೆ ತಿಂಡಿ ತಿನ್ನೋವಾಗ ಅದೇ ಮಾತು ಅವರದು" ಅಂದಳು. "ನಿಮ್ಮ ಭಾವ ಕೊನೆಗೂ ನನ್ನ ಹತ್ತಿರ ಮಾತಾಡಿದ್ರು ಕಣೇ, ಅಂತ. ಮಗುವಿನ ಹಾಗೆ ಹೇಳ್ತಿದ್ರು." ಶಿಲ್ಪಿ ಕೈ ಬಿಡಿಸಿಕೊಳ್ಳಲಿಲ್ಲ. ಸಾವಿನ ಮನೆಯಲ್ಲಿ ಸುಮ್ಮನಿರುವವನನ್ನು ಜನ ದುಃಖಿ ಎಂದುಕೊಳ್ಳುತ್ತಾರೆ. ಹೆಂಡತಿ ಮಾತ್ರ ಅವನ ಮುಖವನ್ನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದಳು.

ದೇಹವನ್ನು ಒಯ್ದ ಮೇಲೆ ಪೊಲೀಸ್ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಕೊಡೆಯನ್ನು ಮಡಚದೆ ಹೆಗಲ ಮೇಲೆ ಆನಿಸಿಕೊಂಡೇ ನಿಂತವರು. ಶಿಲ್ಪ, ಸ್ತೂಪ ತನಗೆ ಏನೂ ತಿಳಿಯದೆಂದು ಮೊದಲೇ ಹೇಳಿಬಿಟ್ಟರು. ಗೂಟದ ಮುರಿದ ಜಾಗವನ್ನು ಜೊತೆಗೆ ಬಂದ ಎಂಜಿನಿಯರ್ ಟಾರ್ಚು ಹಿಡಿದು ನೋಡಿ, ಹಳೆಯ ಕಲ್ಲು, ಉಪ್ಪು ತಿಂದು ಸವೆದಿದೆ, ಅಂದ. ಶಿಲ್ಪಿ ತನ್ನ ಹೇಳಿಕೆಯನ್ನು ಕೊಟ್ಟ. ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಹೊರಗೇ ಬೀಳುತ್ತೆ ಅಂತ ನಂಬಿದ್ದೆ. ಅದಕ್ಕೇ ಹೊರಗಡೆ ಹಗ್ಗ ಕಟ್ಟಿಸಿದೆ. ಒಳಗಡೆ ಬೀಳಬಹುದು ಅಂತ ನನ್ನ ತಲೆಗೆ ಒಂದು ಸಲವೂ ಬರಲಿಲ್ಲ. ಬಂದಿದ್ರೆ ಅವನನ್ನ ಅಲ್ಲಿ ನಿಲ್ಲೋಕೆ ಬಿಡ್ತಿರಲಿಲ್ಲ."

"ಒಂದು ಸಲವೂ ಬರಲಿಲ್ಲ" ಎಂದು ಅಧಿಕಾರಿ ಬರೆಯುವವನಿಗೆ ಮತ್ತೊಮ್ಮೆ ಹೇಳಿದರು. ಕೆಲಸಗಾರರೆಲ್ಲ ತಲೆಯಾಡಿಸಿದರು, ಅವರೆಲ್ಲ ಆ ಎಚ್ಚರಿಕೆಯನ್ನು ಕಿವಿಯಾರೆ ಕೇಳಿದವರೇ. ಅಧಿಕಾರಿ ಹೊರಡಲು ತಿರುಗಿ, ಬಿದ್ದ ಕಲ್ಲಿನ ಹತ್ತಿರ ನಿಂತರು. "ಸುಮ್ಮನೆ ಕೇಳ್ತೀನಿ. ನಮ್ಮನೇಲಿ ಕೈತಪ್ಪಿ ಒಂದು ಕುಟ್ಟಾಣಿ ಬಿದ್ರೇ ನೆಲ ಒಡೆದುಹೋಗುತ್ತೆ. ಇಷ್ಟು ದೊಡ್ಡ ಕಲ್ಲು ಅಷ್ಟು ಮೇಲಿಂದ ಹಾಸುಗಲ್ಲಿನ ಮೇಲೆ ಬಿದ್ದಿದೆ. ಒಂದು ಎಲೆಯ ತುದಿಯೂ ಮುರಿದಿಲ್ವಲ್ಲ?"

ತನಗೆ ಉತ್ತರ ಗೊತ್ತಿರುವ ಪ್ರಶ್ನೆ ಬಂತಲ್ಲ ಎಂಬ ಸಮಾಧಾನದಲ್ಲಿ ಮೇಸ್ತ್ರಿ ಮುಂದೆ ಬಂದ. ಒಡೆಯೋದು ಹೇಗೆ ಮೇಡಂ, ಕೆಳಗೆ ಮರಳಿದೆಯಲ್ಲ, ಅಂದ. ಅಧಿಕಾರಿ ಬಗ್ಗಿ ನೋಡಿದರು. ರಕ್ತ ಮುಚ್ಚಲು ಆಮೇಲೆ ಯಾರೋ ಚೆಲ್ಲಿದ್ದೆಂದು ಅವರು ತಿಳಿದಿದ್ದ ಮರಳು ಕಲ್ಲಿನ ಅಡಿಯಲ್ಲಿತ್ತು: ಗೇಣು ದಪ್ಪ, ಕಲ್ಲಿನಷ್ಟೇ ಉದ್ದ, ಅಂಚುಗಳನ್ನು ಅಂಗೈಯಿಂದ ತಟ್ಟಿ ನೇರ ಮಾಡಿದ ಹಾಸು. ಕಲ್ಲು ಇಳಿಸೋ ಜಾಗಕ್ಕೆ ಮಾತ್ರ ಹೀಗೆ ಹಾಸ್ತೀವಿ ಮೇಡಂ, ಕೆತ್ತನೆಗೆ ಪೆಟ್ಟಾಗಬಾರದಲ್ಲ, ಬೇರೆ ಎಲ್ಲೂ ಹಾಸಲ್ಲ, ಎಂದ ಮೇಸ್ತ್ರಿ. ಬೆಳಿಗ್ಗೆ ನಾವು ಬರೋ ಹೊತ್ತಿಗೇ ಹಾಸಿತ್ತು, ಯಜಮಾನ್ರು ಕೂಡ ನೋಡಿ ನಕ್ಕರು, ಮೂಕಣ್ಣ ಕಲ್ಲಿಗೆ ಹಾಸಿಗೆ ಹಾಸಿದ್ದಾರೆ, ಇಳಿಸೋವರೆಗೆ ಗಟ್ಟಿಯಾಗಿ ನಿಲ್ಲಿಸೋಣ ಅಂದ್ರು. ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಅವನು ಹಗ್ಗ ಕಟ್ಟಿದ ಹೊರಗಡೆಯ ಬರಿ ಹುಲ್ಲನ್ನು ನೋಡಿದ, ಒಳಗಡೆಯ ಮರಳನ್ನು ನೋಡಿದ, ಆಮೇಲೆ ಶಿಲ್ಪಿಯನ್ನು ನೋಡಿದ. ಎಲ್ಲರೂ ನೋಡಿದರು. ಶಿಲ್ಪಿ ತನ್ನ ಕೈಗಳನ್ನು ನೋಡಿಕೊಂಡ. ಬೆಳಿಗ್ಗೆ ಮನಸ್ಸು ಮಾತು ಕಟ್ಟುತ್ತಿದ್ದಾಗ ಅವು ಏನು ಮಾಡಿದ್ದವೆಂದು ಅವನಿಗೆ ಈಗ ತಿಳಿಯಿತು. ಉಗುರಿನ ಸಂದಿಯಲ್ಲಿ ಮರಳು ಇನ್ನೂ ಇತ್ತು. ಒಳಗೇ ಬೀಳುವ ಕಲ್ಲಿಗೆ ನೋವಾಗದಿರಲಿ ಎಂದು ಅವು ಮನುಷ್ಯನ ಕಾಲಡಿಗೇ ಹಾಸಿದ್ದವು. ಅಧಿಕಾರಿ ಕೊಡೆ ಮಡಚಿ, ಯಾಕೆ ಎಂದು ಮೆತ್ತಗೆ ಕೇಳಿದರು. ಆಸಿಡ್ಡಿನ ವಿಷಯವನ್ನು ಅವನು ಮೊದಲ ಸಲ, ಒಮ್ಮೆಯೂ ತಡವರಿಸದೆ, ಪೂರ್ತಿಯಾಗಿ ಹೇಳಿದ. ಬೇಡ ಅನ್ನಬಹುದಿತ್ತಲ್ಲ ನೀವು, ಎಂದರು ಅವರು. ಆಸಿಡ್ಡು ಬೇಡ ಎಂದು ಅವನು ಷಡ್ಡಕನಿಗೆ ಒಂದು ಸಲವೂ ಹೇಳಿರಲಿಲ್ಲ.